ಮೊಣಕಾಲು ಪಟ್ಟಿಯೊಳಗಿನ ಗಂಟು

ಫೆಬ್ರವರಿ 9

ಪ್ರೀತಿಯ ಕೋತಿಗೆ,

ನಿನ್ನ ಮೊಣಕಾಲು ಪಟ್ಟಿಗಳ ಪಾರ್ಸಲ್ ಬಂತು. ಕುಶಲ ಆಮೇಲೆ, ಮೊದಲು ಲೆಕ್ಕ. ಈ ಒಂದು ಜೊತೆ ಪಟ್ಟಿಯಿಂದ ಇದುವರೆಗೆ ಆದ ನಷ್ಟ ಹೀಗಿದೆ: ದಪ್ಪ ಬಟ್ಟೆಯ ಸೂಜಿ ಎರಡು. ಅದರಲ್ಲಿ ಒಂದರ ತುದಿ ಹಾರಿ ನಿನ್ನ ಭಾವನ ಕಾಫಿಗೆ ಬಿತ್ತು, ಆದ್ದರಿಂದ ಕಾಫಿ ಒಂದು ಲೋಟ. ನನ್ನ ಎಡ ಹೆಬ್ಬೆರಳಿನ ಉಗುರು ಅರ್ಧ. ಭಾನುವಾರದ ನಿದ್ದೆ ಪೂರ್ತಿ. ಬ್ಯಾಗಿನ ಜಿಪ್ಪಿಗೆ ಕಾದು ಕೂತಿದ್ದ ಗಿರಾಕಿಯ ತಾಳ್ಮೆ. ಅದು ಇದ್ದದ್ದೇ ಸ್ವಲ್ಪ, ಆದರೂ ನಷ್ಟ ನಷ್ಟವೇ.

ನೀನು ಚೀಟಿಯಲ್ಲಿ ಬರೆದಿದ್ದೆ: "ಅಕ್ಕಾ, ಎಡಗಾಲಿನ ಪಟ್ಟಿಯಲ್ಲಿ ಹತ್ತಿ ಗಂಟು ಕಟ್ಟಿದೆ, ಮಂಡಿ ಊರಿದರೆ ಒತ್ತುತ್ತೆ, ಬಿಚ್ಚಿ ಸರಿಮಾಡು." ಬಿಚ್ಚದೆಯೇ ಮೇಲಿಂದ ಒಂದು ಹೊಲಿಗೆ ಓಡಿಸೋಣ ಅಂತ ಸೋಮಾರಿತನ ಮಾಡಿದ್ದಕ್ಕೇ ಸೂಜಿ ಹೋದದ್ದು. ಆಮೇಲೆ ಬಿಚ್ಚಿದೆ. ಹಳೆಯದು ರಿಪೇರಿಗೆ ಲಾಯಕ್ಕಿಲ್ಲ, ಹೊಸ ಜೊತೆಯನ್ನೇ ಹೊಲಿದು ಕಳಿಸಿದ್ದೇನೆ.

ಒಂದು ಪ್ರಶ್ನೆ. ನಾನು ಹೊಲಿದ ಪಟ್ಟಿಯ ಮೇಲೆ ಇನ್ಯಾರೋ ನೀಲಿ ದಾರದಲ್ಲಿ ಕೈಯಾಡಿಸಿದ್ದಾರಲ್ಲ, ಯಾರದು ಆ ಕೈ? ಹೊಲಿಗೆ ನೇರ ಇದೆ, ಒಪ್ಪುತ್ತೇನೆ. ಆದರೆ ಇರುವೆ ಸಾಲಿನ ಹಾಗೆ ಅಷ್ಟು ಒತ್ತೊತ್ತಾಗಿ ಹೊಲಿಯುವವರು ಒಂದೋ ಬಹಳ ಅಕ್ಕರೆ ಇರುವವರು, ಇಲ್ಲವೇ ಒಳಗಿನದು ಹೊರಗೆ ಕಾಣಬಾರದು ಅನ್ನುವವರು. ಮಿಕ್ಕದ್ದನ್ನು ಇಲ್ಲಿ ಬರೆಯುವುದಿಲ್ಲ, ಮುಖಾಮುಖಿ ಮಾತಾಡೋಣ. ಒಂದೇ ಮಾತು ನೆನಪಿಟ್ಟುಕೋ. ನಮ್ಮದಲ್ಲದ್ದು ನಮ್ಮ ಮನೆಗೆ ಬರಬಾರದು.

ಈ ಸಲದ ರಾಕೆಟ್ಟಿಗೆ ನನ್ನ ತಮ್ಮನೇ 'ಕೊನೆಯ ಕೈ' ಅಂತ ಬೀದಿಗೆಲ್ಲ ಹೇಳಿಟ್ಟಿದ್ದೇನೆ. ಹಾಗಂದರೇನು ಅಂತ ಕೇಳಿದವರಿಗೆ ನೀನು ಬರೆದದ್ದನ್ನೇ ಒಪ್ಪಿಸುತ್ತೇನೆ: ಹಾರುವ ಮೊದಲು ಎಲ್ಲರೂ ಇಳಿದ ಮೇಲೆ ನಾಲ್ಕೇ ಜನ ಗೋಪುರದ ತುದಿಗೆ ಹೋಗಿ, ರಾಕೆಟ್ಟಿನ ಮೈಮೇಲಿನ ಕೆಂಪು ಮುಚ್ಚಳಗಳನ್ನು ಬಿಚ್ಚಿಕೊಂಡು ಬರುತ್ತಾರೆ, ಆಮೇಲೆ ಅದನ್ನು ಮುಟ್ಟುವ ಕೈ ಭೂಮಿ ಮೇಲೆ ಇಲ್ಲ. ಇಷ್ಟು ವರ್ಷ ಬೇರೆಯವರು ಹತ್ತುವುದನ್ನು ಕೆಳಗೆ ನಿಂತು ನೋಡಿದೆ, ಈಗ ನಿನ್ನ ಸರದಿ. ಬೇಕರಿಯವನು "ಅಷ್ಟೆತ್ತರದಲ್ಲಿ ತಲೆ ತಿರುಗಲ್ವಾ?" ಅಂದ. "ತಲೆ ಇದ್ದರೆ ತಾನೇ" ಅಂದೆ.

ಪಟ್ಟಿ ಹಾಕಿಕೊಂಡು ಹೇಗಿದೆ ಬರೆ.

ನಿನ್ನ ಅಕ್ಕ


ಫೆಬ್ರವರಿ 9, ಅಂಗಡಿ ಬಾಗಿಲು ಹಾಕಿದ ಮೇಲೆ

ಕೋತೀ,

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ, ಡ್ರಾಯರಿನಲ್ಲೇ ಇಡುತ್ತೇನೆ. ನಿಮ್ಮ ಗೇಟಿನಲ್ಲಿ ಫೋನು ಕಿತ್ತಿಟ್ಟುಕೊಳ್ಳುತ್ತಾರೆ, ಬಂದ ಪತ್ರ ಒಡೆದು ಓದುತ್ತಾರೆ ಅಂತ ನೀನೇ ಹೇಳಿದ್ದೆ. ಆದರೆ ಎಲ್ಲಾದರೂ ಬರೆದುಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಹತ್ತಿಯ ನಡುವೆ ಸಿಕ್ಕಿದ್ದು ಗಂಟಲ್ಲ, ಉಕ್ಕು. ಹೆಬ್ಬೆರಳಿನಷ್ಟು ಉದ್ದ, ಒಳಗೆ ಆರು ಮೂಲೆ, ಮೈಮೇಲೆ ಕೊರೆದ ನಂಬರು. ನಿನ್ನ ಭಾವ ನೋಡಿದ ತಕ್ಷಣ "ಇದು ಸಾಕೆಟ್ಟು ಕಣೇ, ಸ್ಪ್ಯಾನರಿನ ತುದಿಗೆ ಸಿಗಿಸಿ ಬೋಲ್ಟು ತಿರುಗಿಸೋದು. ಇಂಥ ಮಾಲು ಪೇಟೆಯಲ್ಲಿ ಸಿಗಲ್ಲ" ಅಂದರು. ಅಂದವರು ನನ್ನ ಮುಖ ನೋಡಿ ಅದನ್ನು ಮೇಜಿನ ಮೇಲಿಟ್ಟರು.

ಅಲ್ಲವೋ, ಒಂದೊಂದು ಸಾಮಾನಿಗೂ ದಾರ ಕಟ್ಟಿ ಮೈಗೆ ಬಿಗಿದುಕೊಳ್ಳುತ್ತೇವೆ, ಹತ್ತುವಾಗ ಎಣಿಸುತ್ತಾರೆ, ಇಳಿದ ಮೇಲೆ ಎಣಿಸುತ್ತಾರೆ, ಮೊಳೆ ಕೂಡ ತಪ್ಪಿಸಿಕೊಳ್ಳುವುದಿಲ್ಲ ಅಂತ ಬಡಾಯಿ ಕೊಚ್ಚಿದವನು ನೀನು. ಅಂಥ ಕಡೆಯಿಂದ ಇದು ತಾನಾಗಿ ನಡೆದುಕೊಂಡು ಬಂತಾ? ಪಟ್ಟಿಯೊಳಗೆ ಇಟ್ಟು, ನೀಲಿ ದಾರದಲ್ಲಿ ಹೊಲಿಸಿ, "ಹತ್ತಿ ಗಂಟು ಕಟ್ಟಿದೆ, ಬಿಚ್ಚು" ಅಂತ ಸನ್ನೆ ಮಾಡಿ ಕಳಿಸಿದ್ದೀಯ. ಸನ್ನೆ ತಿಳಿಯದಷ್ಟು ದಡ್ಡಿಯೇ ನಿನ್ನಕ್ಕ? ಹೊಲಿದ ಕೈ ಬೇರೆ, ಅಂದರೆ ಪಾಲುದಾರರೂ ಇದ್ದಾರೆ.

ಯಾತಕ್ಕೆ ಅನ್ನುವುದು ಮಾತ್ರ ನನ್ನ ಬುದ್ಧಿಗೆ ಹತ್ತುತ್ತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ನೀನು ನೋಡಿದರೆ ಒಂದು ತುಂಡು ಉಕ್ಕಿಗೆ ಕೈ ಹಾಕಿದ್ದೀಯ.

ಎಸೆಯಲು ಮನಸ್ಸು ಬರಲಿಲ್ಲ. ಕತ್ತರಿಸುವಾಗ ಬಟ್ಟೆ ಜಾರದ ಹಾಗೆ ಅದನ್ನೇ ಮೇಲಿಡುತ್ತಿದ್ದೇನೆ. ಭಾರ ಚೆನ್ನಾಗಿದೆ, ಹಾಳಾಗಿ ಹೋಗಲಿ. ಹಳೆಯ ಪಟ್ಟಿಯನ್ನೂ ಅದರ ಹತ್ತಿಯನ್ನೂ ಹಾಗೇ ಚೀಲಕ್ಕೆ ತುಂಬಿಟ್ಟಿದ್ದೇನೆ. ನಾನು ಏನನ್ನೂ ಬಿಸಾಡುವವಳಲ್ಲ. ನಿನ್ನನ್ನೇ ಬಿಸಾಡಲಿಲ್ಲ.


ಫೆಬ್ರವರಿ 15

ಪ್ರೀತಿಯ ಅಕ್ಕಾ,

ಪಟ್ಟಿ ಬಂತು. ನಿನ್ನ ಕೈಗೆ ಸಾಟಿಯೇ ಇಲ್ಲ. ಮಂಡಿ ಊರಿದರೆ ದಿಂಬಿನ ಮೇಲೆ ಇಟ್ಟ ಹಾಗಿದೆ.

ನಾನು ಚೆನ್ನಾಗಿದ್ದೇನೆ. ಕೆಲಸ ಜೋರಾಗಿ ನಡೆದಿದೆ. ಗಾಳಿ ಸರಿಯಿಲ್ಲ ಅಂತ ರಾಕೆಟ್ ಹಾರುವ ದಿನವನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದಾರೆ, ಅಷ್ಟೇ. ತುದಿಯಿಂದ ನೋಡಿದರೆ ಸಮುದ್ರ ಇಸ್ತ್ರಿ ಮಾಡಿದ ಬಟ್ಟೆ ಹಾಗೆ ಹರಡಿಕೊಂಡಿರುತ್ತೆ, ಅದರ ಮೇಲೆ ದೋಣಿಗಳು ಚೆಲ್ಲಿದ ಗುಂಡಿಗಳ ಹಾಗೆ.

ನೀಲಿ ದಾರದ ವಿಷಯ. ನೀನು ಅರ್ಧ ಬರೆದು ಅರ್ಧ ನುಂಗಿದರೂ ನನಗೆ ಅರ್ಥವಾಯಿತು. ಹೊಲಿಗೆ ನೋಡಿ ಮನುಷ್ಯರನ್ನು ಹೇಳುವವಳು ನೀನು, ನಿನ್ನಿಂದ ಏನು ಮುಚ್ಚಿಡಲಿ? ಆ ಕೈ ನಮ್ಮ ಸಾಮಾನು ಕೋಣೆಯವರದ್ದು. ಎಲ್ಲರೂ ಅವರನ್ನು ಎಣಿಕೆ ಮೇಡಂ ಅನ್ನುತ್ತೇವೆ. ನಾವು ಹತ್ತುವ ಮೊದಲು ಸ್ಪ್ಯಾನರು, ಸಾಕೆಟ್ಟು, ಇಕ್ಕಳ ಎಲ್ಲ ಎಣಿಸಿ ಕೊಡುವವರೂ ಅವರೇ, ಇಳಿದ ಮೇಲೆ ಎಣಿಸಿ ತೆಗೆದುಕೊಳ್ಳುವವರೂ ಅವರೇ. ಒಂದು ವರ್ಷದಿಂದ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ನಿನಗೆ ಹೇಳಬೇಕು ಅಂತಲೇ ಇದ್ದೆ, ಬಾಯಿ ಬರಲಿಲ್ಲ.

"ನಮ್ಮದಲ್ಲದ್ದು ಮನೆಗೆ ಬರಬಾರದು" ಅಂತ ಬರೆದದ್ದು ಮಾತ್ರ ಮನಸ್ಸಿಗೆ ನಾಟಿತು ಅಕ್ಕಾ. ಈಗ ನಮ್ಮದಲ್ಲದಿದ್ದರೆ ನಾಳೆ ನಮ್ಮದಾಗಬಾರದಾ? ಅವರಿಗೂ ಇಷ್ಟ ಇದೆ, ನನಗೂ ಇದೆ. ಒಂದು ಸಲ ನೋಡಿ ಆಮೇಲೆ ಹೇಳು.

ಭಾವನಿಗೆ ನಮಸ್ಕಾರ.

ನಿನ್ನ ತಮ್ಮ


ಫೆಬ್ರವರಿ 21

ಕೋತಿಗೆ,

ಪತ್ರ ಓದಿ ಕತ್ತರಿ ಕೆಳಗಿಟ್ಟೆ. ಎಣಿಸುವವರೇ ಜೊತೆಗಿದ್ದಾರಾ! ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. "ನಾಳೆ ನಮ್ಮದಾಗಬಾರದಾ" ಅಂತ ಬರೆಯುವುದಕ್ಕೆ ನಿನಗೆ ಎಷ್ಟು ಧೈರ್ಯ? ನಿನ್ನ ಭಾವ ಎರಡು ಸಲ ಓದಿ, "ಇವನು ಏನೋ ಬೇರೆ ಹೇಳ್ತಿದ್ದಾನೆ ಅನ್ಸುತ್ತೆ" ಅಂದರು. ಅವರಿಗೆ ಎಲ್ಲರೂ ಒಳ್ಳೆಯವರೇ. ಅವರ ಜೊತೆ ಅಂಗಡಿ ನಡೆಸಿದ್ದರೆ ಇಷ್ಟು ಹೊತ್ತಿಗೆ ನಾವು ಬೀದಿಯಲ್ಲಿರುತ್ತಿದ್ದೆವು.

ಅದು ಇರಲಿ. ನೀನು ಮೇಲೆ ಹೋಗುತ್ತಿಲ್ಲ.

ಹೇಗೆ ಗೊತ್ತು ಅಂತ ಕೇಳಬೇಡ, ಹೇಳುತ್ತೇನೆ. ಡಿಸೆಂಬರಿನ ಪತ್ರದಲ್ಲಿ ಇದೇ ಸಮುದ್ರ, ಇದೇ ಇಸ್ತ್ರಿ, ಇದೇ ಗುಂಡಿ ಬರೆದಿದ್ದೆ. ಎರಡೂ ಪತ್ರ ಪಕ್ಕಪಕ್ಕ ಇಟ್ಟು ನೋಡಿದೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಹಳೆಯ ಮಾಲನ್ನು ಹೊಸ ಕವರಿನಲ್ಲಿ ಹಾಕಿ ಅಕ್ಕನಿಗೇ ಮಾರುತ್ತೀಯಾ? ಇನ್ನು ಪಟ್ಟಿ. ದಿಂಬಿನ ಹಾಗಿದೆಯಂತೆ! ನಾನು ಹೊಲಿದ ಹೊಸ ಪಟ್ಟಿ ಮೊದಲ ಹದಿನೈದು ದಿನ ಯಾರಿಗೂ ದಿಂಬಲ್ಲ, ಹಲಗೆ. ನನ್ನನ್ನು ಬೈಯದೆ ಅದನ್ನು ಹಾಕಿಕೊಂಡವನು ಇನ್ನೂ ಹುಟ್ಟಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಅಕ್ಷರ. ದಿನವಿಡೀ ಬೋಲ್ಟು ಬಿಗಿದು ಬಂದವನ ಕೈ ಬರೆಯುವಾಗ ನಡುಗುತ್ತೆ. ಇಷ್ಟು ವರ್ಷ ನಿನ್ನ ಪತ್ರ ಓದುವುದಕ್ಕೆ ನನಗೆ ಭೂತಗನ್ನಡಿ ಬೇಕಾಗುತ್ತಿತ್ತು, ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು. ಈ ಪತ್ರ ಮುತ್ತು ಪೋಣಿಸಿದ ಹಾಗಿದೆ. ಎಷ್ಟು ಚೆಂದ ಬರೆದಿದ್ದೀಯ ಅಂದರೆ ಭೂತಗನ್ನಡಿ ಡ್ರಾಯರಿನಲ್ಲೇ ಉಳಿಯಿತು.

ನಿನ್ನನ್ನು ಕೆಳಗಿಳಿಸಿದ್ದಾರೆ, ಅಲ್ಲವಾ? ನಿಜ ಬರೆ. ಬೀದಿಯವರಿಗೆ ನಾನು ಏನಾದರೂ ಒಂದು ಹೇಳಿಕೊಳ್ಳುತ್ತೇನೆ. ಸುಳ್ಳು ಹೇಳುವುದು ಏನಿದ್ದರೂ ಹೊರಗಿನವರಿಗೆ.

ಅಕ್ಕ


ಫೆಬ್ರವರಿ 26

ಅಕ್ಕಾ,

ಹೌದು. ನಾನು ಕೆಳಗಿದ್ದೇನೆ. ಒಂದು ತಿಂಗಳಾಗುತ್ತಾ ಬಂತು. ನೀರಿನ ಕೊಳವೆಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ನೀನು ಬೀದಿಗೆಲ್ಲ ಹೇಳಿಟ್ಟಿದ್ದೀಯ ಅಂತ ಬರೆದಿದ್ದೆಯಲ್ಲ, ಅದಕ್ಕೇ ಬರೆಯಲು ಆಗಲಿಲ್ಲ.

ಆದದ್ದು ಇಷ್ಟು. ಜನವರಿ ಕೊನೆಯಲ್ಲಿ ಒಂದು ದಿನ ತುದಿಯ ಅಂತಸ್ತಿನಲ್ಲಿ ಮಂಡಿ ಊರಿ ಬೋಲ್ಟು ಬಿಗಿದು ಇಳಿದು ಬಂದೆ. ಎಣಿಕೆ ಮೇಡಂ ತಟ್ಟೆ ನೋಡಿದರು. ಅವರ ತಟ್ಟೆಯಲ್ಲಿ ಪ್ರತಿ ಸಾಮಾನಿಗೂ ಅದರದ್ದೇ ಅಚ್ಚಿನ ಗುಳಿ ಇರುತ್ತೆ. ಒಂದು ಗುಳಿ ಖಾಲಿ. ಸ್ಪ್ಯಾನರಿಗೆ ದಾರ ಇತ್ತು, ಅದು ಬಂದಿದೆ. ಅದರ ತುದಿಯ ಸಾಕೆಟ್ಟನ್ನು ಹಿಡಿದಿಡುವ ಗುಂಡು ಸವೆದಿತ್ತಂತೆ, ಸಾಕೆಟ್ಟು ಎಲ್ಲೋ ಕಳಚಿಕೊಂಡಿದೆ. ಅಷ್ಟೆತ್ತರದಿಂದ ಉಕ್ಕು ಬಿದ್ದರೆ ಊರಿಗೇ ಕೇಳಬೇಕು, ಬಿದ್ದ ಸದ್ದೇ ಆಗಲಿಲ್ಲ. ಅಂದರೆ ಎಲ್ಲೋ ಸಂದಿಯಲ್ಲಿ ಕೂತಿದೆ. ರಾಕೆಟ್ ಹೊತ್ತಿಕೊಂಡಾಗ ಆ ರಭಸಕ್ಕೆ ಅದು ಬಂದೂಕಿನ ಗುಂಡಿನ ಹಾಗೆ ಹಾರುತ್ತೆ. ಅದಕ್ಕೇ ಸಿಗುವವರೆಗೆ ಎಲ್ಲ ನಿಂತಿದೆ. ಗಾಳಿ ಅಂತ ಬರೆದದ್ದು ಸುಳ್ಳು.

ಮೊದಲ ಮೂರು ದಿನ ನಾನೂ ಹುಡುಕಿದೆ. ಜಾಲರಿಯ ಮೇಲೆಲ್ಲ ಅಂಬೆಗಾಲಿಟ್ಟೆ. ಹಾಳಾದ ಹತ್ತಿ ಗಂಟು ಒತ್ತಲು ಶುರುವಾದದ್ದೂ ಆಗಲೇ. ಪಟ್ಟಿಯ ಹೊಲಿಗೆ ಮೊದಲೇ ಬಿಚ್ಚಿತ್ತು, ಹುಡುಕಿ ಹುಡುಕಿ ಇನ್ನೂ ಬಾಯಿ ಬಿಟ್ಟಿತು, ಹತ್ತಿ ಉದುರಿದರೆ ಇನ್ನೊಂದು ತಂಟೆ ಅಂತ ಮೇಡಂ ಊಟದ ಹೊತ್ತಲ್ಲಿ ತಮ್ಮ ನೀಲಿ ದಾರ ತೆಗೆದು ಹೊಲಿದುಕೊಟ್ಟರು. ಆ ಹೊಲಿಗೆಯನ್ನು ನೋಡಿಯೇ ನೀನು ನನ್ನನ್ನು ಬೈದದ್ದು.

ನಮ್ಮ ಮೇಲಧಿಕಾರಿಯನ್ನು ಗರುಡ ಅನ್ನುತ್ತೇವೆ, ಏನೂ ಅವರ ಕಣ್ಣು ತಪ್ಪುವುದಿಲ್ಲ. ವಿಚಾರಣೆಯಲ್ಲಿ ನಾನು "ಕಳೆದದ್ದು ನಾನೇ" ಅಂದೆ. ಮೇಡಂ "ಕೊಡುವಾಗಲೇ ನಾನು ಎಣಿಸಿದ್ದು ತಪ್ಪಿರಬೇಕು" ಅಂದರು. "ಒಂದು ಸಾಕೆಟ್ಟನ್ನು ಇಬ್ಬರು ಹೆಂಗ್ರೀ ಕಳೀತೀರಿ?" ಅಂತ ಗರುಡ ಕಿರುಚಿದರು.

ಮಾರ್ಚ್ ಐದರವರೆಗೆ ನೋಡುತ್ತಾರೆ. ಸಿಗದಿದ್ದರೆ ಆ ಅಂತಸ್ತನ್ನೇ ಬಿಚ್ಚಿ ನೋಡುತ್ತಾರೆ, ಕೊನೆಯ ತಂಡಕ್ಕೆ ನನ್ನ ಬದಲು ಬೇರೆ ಹೆಸರು, ಮೇಡಂಗೆ ಸಾಮಾನು ಕೋಣೆಯಿಂದ ಬಿಡುಗಡೆ. ನನ್ನದು ಹೋದರೆ ಹೋಗಲಿ ಅಕ್ಕಾ. ಅವರು ಜೀವಮಾನದಲ್ಲಿ ಒಂದು ಸಲವೂ ತಪ್ಪು ಎಣಿಸಿದವರಲ್ಲ.

ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ.

ನಿನ್ನ ತಮ್ಮ


ಮಾರ್ಚ್ 2, ನಿಮ್ಮ ಗೇಟಿನ ಕಾಯುವ ಕೋಣೆ

ಕೋತೀ,

ಬೆಚ್ಚಬೇಡ. ನಿನ್ನ ಅಕ್ಕ ಗೇಟಿನಲ್ಲೇ ಕೂತಿದ್ದಾಳೆ. ಒಳಗೆ ಬಿಡುವುದಿಲ್ಲವಂತೆ, ನೀನು ಹೊರಗೆ ಬರುವ ಹಾಗಿಲ್ಲವಂತೆ, ಅದಕ್ಕೇ ಈ ಚೀಟಿ. ತರುವವರು ಯಾರು ಅಂತ ನೋಡಿಕೋ, ನೀಲಿ ದಾರದವರೇ.

ನಿನ್ನ ಪತ್ರ ಬಂದಾಗ ನಾನು ಪರದೆ ಬಟ್ಟೆ ಕತ್ತರಿಸುತ್ತಿದ್ದೆ. "ಸಾಕೆಟ್ಟು" ಅನ್ನುವ ಕಡೆ ಬಂದೆ. ಬಟ್ಟೆಯ ಮೇಲೆ ನೋಡಿದೆ. ಅಲ್ಲೇ ಕೂತಿತ್ತು, ಮೂರು ವಾರದಿಂದ ನನ್ನ ಕೆಲಸ ಮಾಡಿಕೊಂಡು! ಊರೆಲ್ಲ ಹುಡುಕುವ ನೆಂಟ ನಮ್ಮ ಜಗಲಿಯ ಮೇಲೆ. ನಿಮ್ಮ ಆಫೀಸಿಗೆ ಫೋನು ಮಾಡೋಣ ಅಂದುಕೊಂಡೆ. ಆದರೆ "ನಿಮ್ಮ ಕಾಣೆಯಾದ ಮಾಲು ನನ್ನ ಮೇಜಿನ ಮೇಲಿದೆ" ಅಂದರೆ ಕೇಳಿದವರು ಏನು ತಿಳಿಯುತ್ತಾರೆ? ನಾನು ಏನು ತಿಳಿದೆನೋ ಅದನ್ನೇ. ಅದಕ್ಕೆ ಹಳೆಯ ಪಟ್ಟಿಯ ಚೀಲವನ್ನೂ ಹಿಡಿದು ಬಸ್ಸು ಹತ್ತಿದೆ.

ಕಿಟಕಿಯಲ್ಲಿ "ಎಣಿಕೆ ಮೇಡಂನ ಕರೀರಿ" ಅಂದೆ.

"ತಾವು ಯಾರು?"

"ಕೋತಿಯ ಅಕ್ಕ."

ಅವನು ನಗಲೂ ಇಲ್ಲ, ಫೋನು ಎತ್ತಿದ. ನಿನ್ನ ಹೆಸರು ಇಲ್ಲೂ ಅದೇ ಅಂತ ಗೊತ್ತಾಗಿ ಸಂತೋಷವಾಯಿತು.

ಅವರು ಬಂದರು. ಹಿಂದೆಯೇ ನಿಮ್ಮ ಗರುಡ. ನಾನು ಸಾಕೆಟ್ಟನ್ನು ಮೇಡಂ ಅಂಗೈಗೆ ಹಾಕಿದೆ. ತಿರುಗಿಸಿ ನಂಬರು ಓದಿದರು. ಇನ್ನೊಂದು ಸಲ ಓದಿದರು. ಗರುಡ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ನಿಮ್ಮ ಮನೆಗೆ ಹೆಂಗೆ ಬಂತಮ್ಮ?" ಅಂದರು. ಧ್ವನಿಯಲ್ಲಿ ನಿನಗೆ ಕೈಕೋಳ ಸಿದ್ಧವಾಗಿತ್ತು.

ನಾನು ಚೀಲ ಬಿಚ್ಚಿದೆ. ಹತ್ತಿಯನ್ನು ಹೇಗಿತ್ತೋ ಹಾಗೆ ಮೇಜಿನ ಮೇಲಿಟ್ಟೆ. ನೀನು ಅದರ ಮೇಲೆ ಮಂಡಿ ಊರಿ ಊರಿ ಹತ್ತಿ ರಟ್ಟಿನ ಹಾಗೆ ಗಟ್ಟಿಯಾಗಿದೆ, ನಡುವೆ ಹೆಬ್ಬೆರಳಿನಷ್ಟು ಉದ್ದದ ಒಂದು ಗುಳಿ. ಮೇಡಂ ಕೈ ಚಾಚಿ ಸಾಕೆಟ್ಟನ್ನು ಆ ಗುಳಿಗೆ ಇಟ್ಟರು. ತಟ್ಟೆಯಲ್ಲಿ ಕೂತ ಹಾಗೆ ಕೂತಿತು, ಕೂದಲು ತೂರುವಷ್ಟೂ ಸಂದಿಲ್ಲ. "ಕದ್ದವನು ಕದ್ದ ಮಾಲಿನ ಮೇಲೆ ದಿನಗಟ್ಟಲೆ ಮಂಡಿ ಊರಿ ನರಳ್ತಾನಾ ಸ್ವಾಮಿ?" ಅಂದೆ. ಗರುಡ ಹತ್ತಿ ನೋಡಿದರು, ಪಟ್ಟಿಯ ಹರಿದ ಬಾಯಿ ನೋಡಿದರು, ನೀಲಿ ಹೊಲಿಗೆ ನೋಡಿದರು.

ಮೇಡಂ ಕೂಡ ಹೊಲಿಗೆ ನೋಡಿದರು. ಬಾಯಿಗೆ ಕೈ ಹೋಯಿತು. "ಅಯ್ಯೋ, ಇದು ನನ್ನ ದಾರ. ಒಳಗೆ ಹಾಕಿ ಹೊಲಿದವಳು ನಾನೇ!"

ಸ್ಪ್ಯಾನರಿನಿಂದ ಕಳಚಿ ಪಟ್ಟಿಯ ಹರಿದ ಬಾಯೊಳಗೆ ಜಾರಿದ್ದ ವಸ್ತುವನ್ನು, ಊರೆಲ್ಲ ಹುಡುಕುತ್ತಿರುವಾಗ, ಎಣಿಸುವವರೇ ತಮ್ಮ ಕೈಯಾರೆ ಹೊಲಿದು ಮುಚ್ಚಿ, ನೀನು ಅದನ್ನೇ ಊರಿಕೊಂಡು ಅದನ್ನೇ ಹುಡುಕಿ, ಕೊನೆಗೆ ನನಗೆ ಪಾರ್ಸಲ್ ಮಾಡಿದ್ದೀಯ. ಗೇಟಿನ ಲೋಹ ಹಿಡಿಯುವ ಯಂತ್ರ ಕೂಗಿರಬೇಕಲ್ಲ ಅಂತ ಗರುಡ ಕೇಳಿದರು. ಕಿಟಕಿಯವನು, "ಆ ಪಟ್ಟಿಗೆ ಸ್ಟೀಲ್ ಬಕಲ್ ಇದೆ ಸಾರ್, ಯಾವಾಗಲೂ ಕೂಗುತ್ತೆ" ಅಂದ. ಆಗ ಗರುಡ ನಕ್ಕರು ನೋಡು. ಅವರು ನಗುವುದನ್ನು ಮೇಡಂ ಇದೇ ಮೊದಲು ನೋಡಿದ್ದಂತೆ.

ನನ್ನ ಕಡೆಯದೂ ಒಂದಿದೆ. ನಾನು ನಿನ್ನನ್ನು ಕಳ್ಳ ಅಂದುಕೊಂಡಿದ್ದೆ. ಇವರನ್ನು ನಿನ್ನ ಪಾಲುದಾರಳು ಅಂದುಕೊಂಡಿದ್ದೆ. ಹೇಳಿದೆ ಅವರಿಗೆ. ಅವರು ಕಣ್ಣು ಒರೆಸಿಕೊಂಡು, "ಅತ್ತಿಗೆ, ಬೇಕಾದರೆ ಇನ್ನೊಂದು ಸಲ ಎಣಿಸಿ ನೋಡಿ, ನಿಮ್ಮ ತಮ್ಮನ ಹತ್ತಿರ ಕದಿಯುವಂಥದ್ದು ಏನೂ ಇಲ್ಲ" ಅಂದರು. ಆಗಲೇ ಅತ್ತಿಗೆ! ಬಾಯಿ ಇರುವವರು. ನನಗೆ ಹಿಡಿಸಿದರು.

ನನ್ನ ಬಸ್ಸಿಗೆ ಹೊತ್ತಾಯಿತು. ಮೇಲೆ ಹತ್ತಿಸುತ್ತಾರೋ ಇಲ್ಲವೋ ಗರುಡ ಬಾಯಿ ಬಿಡಲಿಲ್ಲ. ಹೊಸ ಪಟ್ಟಿಯನ್ನಂತೂ ಹಾಕಿಕೊಂಡು ರೂಢಿ ಮಾಡು, ಬಣ್ಣ ಹೊಡೆಯುವಾಗಲಾದರೂ.

ಅಕ್ಕ


ಮಾರ್ಚ್ 13

ಅಕ್ಕಾ,

ನಿನ್ನೆ ಹೋಯಿತು. ಟಿವಿಯಲ್ಲಿ ನೋಡಿರುತ್ತೀಯ. ಟಿವಿಯಲ್ಲಿ ಕಾಣದ್ದನ್ನು ಬರೆಯುತ್ತೇನೆ.

ಹತ್ತಿಸಿದರು. ಹಿಂದಿನ ದಿನ ಸಂಜೆ ಗರುಡ ಕರೆದು, "ಸಾಮಾನು ಬಿಟ್ಟು ಬರೋನು ಬೇರೆ, ಸಾಮಾನು ಬಿಡದೆ ಮನೆವರೆಗೂ ಹೊತ್ತುಕೊಂಡು ಹೋಗೋನು ಬೇರೆ. ಹತ್ತು ಹೋಗು" ಅಂದರು. ಸಾಮಾನು ಕೋಣೆಯಲ್ಲಿ ಮೇಡಂ ಎಲ್ಲರೆದುರಿಗೆ ನನ್ನ ಪಟ್ಟಿಗಳನ್ನು ಬಿಚ್ಚಿಸಿ, ಹಿಂಡಿ ನೋಡಿ, ತೂಕ ಹಾಕಿ, ನಂಬರಿನ ಚೀಟಿ ಕಟ್ಟಿಯೇ ವಾಪಸು ಕೊಟ್ಟರು. ಇನ್ನು ಮೇಲೆ ಎಲ್ಲರ ಪಟ್ಟಿಗೂ ಹಾಗೇ. "ಮದುವೆಯಾದ ಮೇಲೂ ಹಿಂಗೇ ತೂಗ್ತೀರಾ?" ಅಂತ ಯಾರೋ ಕೇಳಿದರು. "ಅವರ ಅಕ್ಕನೇ ಕಡಿಮೆ ತೂಗಿ ಕಳಿಸಿದ್ದಾರೆ, ನಾನೇನು ಮಾಡಲಿ" ಅಂದರು. ನಿಮ್ಮಿಬ್ಬರ ನಡುವೆ ನನ್ನ ಗತಿ ನೆನೆದುಕೊಂಡೇ ಲಿಫ್ಟು ಹತ್ತಿದೆ.

ತುದಿಯಲ್ಲಿ ನಾಲ್ಕೇ ಜನ. ನಡೆಯುವಾಗ ನಮ್ಮ ಮೈಗೆ ಎರಡು ಕೊಕ್ಕೆ, ಒಂದನ್ನು ಮುಂದೆ ಸಿಗಿಸಿದ ಮೇಲೆಯೇ ಹಿಂದಿನದನ್ನು ಬಿಚ್ಚಬೇಕು. ಕಟಕ್, ಕಟಕ್ ಅಂತ ಆ ಸದ್ದು ಬಿಟ್ಟರೆ ಏನೂ ಇಲ್ಲ. ಕೆಂಪು ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ ಚೀಲಕ್ಕೆ ಹಾಕಿದೆವು. ಕೊನೆಯದು ನನ್ನ ಪಾಲಿಗೆ ಬಂತು. ಮಂಡಿ ಊರಿ, ಬಿಚ್ಚಿ, ಅಂಗೈಯನ್ನು ಸುಮ್ಮನೆ ಅದರ ಮೈಗೆ ಇಟ್ಟೆ. ತಣ್ಣಗಿತ್ತು. ಒಳಗೆ ಏನೋ ಗುಯ್‌ಗುಡುತ್ತಿತ್ತು, ನಿನ್ನ ಮೆಷಿನ್ನಿಗೆ ಕೈ ಇಟ್ಟಾಗ ಅನ್ನಿಸುವ ಹಾಗೆ. "ಸಾಕು ಬಾರೋ" ಅಂತ ಕರೆದರು. ಬಂದೆ.

ಸಮುದ್ರ ಹೇಗಿತ್ತು ಅಂತ ಕೇಳಬೇಡ. ನೋಡಲೇ ಇಲ್ಲ, ಮರೆತುಹೋಯಿತು.

ನಿನ್ನ ಪಟ್ಟಿ ಹಲಗೆಯೇ. ಎರಡೂ ಮಂಡಿ ಕೆತ್ತಿಹೋಗಿದೆ. ಇದನ್ನು ಯಾರು ದುಡ್ಡು ಕೊಟ್ಟು ಕೊಳ್ಳುತ್ತಾರೋ ದೇವರಿಗೇ ಗೊತ್ತು.

ಮುಂದಿನ ತಿಂಗಳು ಇಬ್ಬರೂ ಬರುತ್ತೇವೆ.

ನಿನ್ನ ತಮ್ಮ


ಮಾರ್ಚ್ 19

ಪ್ರೀತಿಯ ಕೋತಿಗೆ,

ಟಿವಿಯನ್ನು ಅಂಗಡಿ ಬಾಗಿಲಿಗೆ ಇಟ್ಟಿದ್ದೆವು, ಬೀದಿಯೆಲ್ಲ ಅಲ್ಲೇ ಇತ್ತು. ಅದು ಎದ್ದಾಗ ನಿನ್ನ ಭಾವ ಚಪ್ಪಾಳೆ ಹೊಡೆಯಲು ಹೋಗಿ ಈ ಸಲವೂ ಕಾಫಿ ಚೆಲ್ಲಿದರು. ಬೇಕರಿಯವನು "ನಿಮ್ಮ ತಮ್ಮ ಕಾಣಲೇ ಇಲ್ಲವಲ್ಲ" ಅಂದ. "ಕಂಡಿದ್ದರೆ ಅದು ಹಾರುತ್ತಿರಲಿಲ್ಲ ಕಣಯ್ಯಾ, ಅವನು ಇಳಿದ ಮೇಲೆಯೇ ಹಾರುವುದು" ಅಂದೆ. ಅರ್ಥವಾದ ಹಾಗೆ ತಲೆ ಆಡಿಸಿದ.

ಶುರುವಿನಲ್ಲಿ ನಷ್ಟದ ಲೆಕ್ಕ ಕೊಟ್ಟಿದ್ದೆ. ಅದಕ್ಕೆ ಬಸ್ಸಿನಲ್ಲಿ ಹಿಡಿದ ನನ್ನ ಸೊಂಟವನ್ನೂ ಸೇರಿಸಿಕೋ. ಬರುವಾಗ ಇಬ್ಬರೂ ಮೇಲಿನ ಕೋಣೆಯಲ್ಲಿ ಇರಬಹುದು, ಪರದೆ ಹಾಕಿಸಿದ್ದೇನೆ. ಅವರಿಗೆ ಹೇಳು, ನನ್ನ ಅಂಗಡಿಯಲ್ಲಿ ಕೈಗೆ ಬಂದ ದಾರದಲ್ಲಿ ಹೊಲಿಯುವ ಹಾಗಿಲ್ಲ.

ಲಾಭದ ಲೆಕ್ಕ ಹೀಗಿದೆ. ರಾಕೆಟ್ಟಿಗೆ ಆಕಾಶ ಸಿಕ್ಕಿತು. ನಿಮ್ಮ ಗರುಡನಿಗೆ ಒಂದು ಹೊಸ ನಿಯಮ, ಒಂದು ನಗು. ಎಣಿಕೆ ಮೇಡಂಗೆ ತಮ್ಮ ಕೋಣೆ, ತಮ್ಮ ಸಾಕೆಟ್ಟು, ಅದರ ಜೊತೆ ನೀನು. ಮೂರನೆಯದು ಲಾಭವೋ ಅಲ್ಲವೋ ಮುಂದೆ ಗೊತ್ತಾಗುತ್ತೆ. ನಿನಗೆ ಅದರ ಮೈಮೇಲೆ ಕೈಯಿಟ್ಟ ಆ ಒಂದು ಗಳಿಗೆ, ಕೆತ್ತಿದ ಎರಡು ಮಂಡಿ.

ನನಗೆ ಬಟ್ಟೆಯ ಮೇಲಿಡುವ ಭಾರ ಹೋಯಿತು. ಬಂದದ್ದು ನಿನ್ನ ಮೊನ್ನೆಯ ಪತ್ರ. ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿವೆ, ಭೂತಗನ್ನಡಿ ಹಿಡಿದರೂ ಅರ್ಧ ಓದಲು ಆಗಲಿಲ್ಲ.

ಅಕ್ಕ